ಭಾನುವಾರದ ಎಸ್‌ಕ್ಯುಎಲ್ ಬ್ಯಾಚ್: ಕರ್ಸರ್ ಕಲಿಸಿದ್ರು, ಯಾವಾಗ ಬೇಡ ಅಂತ ಹೇಳ್ಲಿಲ್ಲ (5ಕ್ಕೆ 3)

ದಾವಣಗೆರೇಲಿ ಒಂದು ಕೋಚಿಂಗ್ ಸೆಂಟರಲ್ಲಿ ಎಂಟು ಭಾನುವಾರದ ಎಸ್‌ಕ್ಯುಎಲ್ ಸರ್ವರ್ (ಮೈಕ್ರೋಸಾಫ್ಟಿನ ಡೇಟಾಬೇಸ್ ಸಾಫ್ಟ್‌ವೇರ್) ಬ್ಯಾಚ್ ಮುಗಿಸ್ದೆ, ಹೆಸರು ಬೇಡ ಬಿಡ್ರಿ, ಸರ್ ಒಳ್ಳೇರು. ನಾನು ಎಪಿಎಂಸಿ ಯಾರ್ಡಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಲೆಕ್ಕ ನೋಡ್ಕೊಳೋನು, ಬಿಲ್ಲಿಂಗ್ ಸಾಫ್ಟ್‌ವೇರ್ ಡೇಟಾಬೇಸಿಂದ ನನಗೆ ಬೇಕಾದ ರಿಪೋರ್ಟ್ ತೆಗಿಯೋಕೆ ಬಂದ್ರೆ ಸಾಕಿತ್ತು.

ಕರ್ಸರ್ ಅಂದ್ರೆ ಟೇಬಲಿನ ರೋಗಳನ್ನ (ಸಾಲುಗಳನ್ನ) ಒಂದೊಂದಾಗಿ ತಗೊಂಡು ಕೆಲಸ ಮಾಡೋ ವಿಧಾನ, ಅದರ ಕ್ಲಾಸ್ ಮಾತ್ರ ಭರ್ಜರಿ. ಡಿಕ್ಲೇರ್, ಓಪನ್, ಫೆಚ್, ಕ್ಲೋಸ್, ಡಿಅಲೋಕೇಟ್ ಎಲ್ಲಾನೂ ನಮ್ ಕೈಲೇ ಟೈಪ್ ಮಾಡಿಸಿದ್ರು. ನಾನು ವೈಲ್ ಲೂಪ್ ಒಳಗೆ ಎರಡನೇ ಫೆಚ್ ನೆಕ್ಸ್ಟ್ ಹಾಕೋದು ಮರ್ತೆ, ಮೊದಲನೇ ರೈತನ ಹೆಸರೇ ಬರ್ತಾ ಐತೆ ಬರ್ತಾ ಐತೆ, ನಿಲ್ಲೋ ಮಾತೇ ಇಲ್ಲ. "ಮುಂದಿನ ರೋಗೆ ಹೋಗು ಅಂತ ನೀನೇ ಹೇಳ್ಬೇಕಪ್ಪ, ಇಲ್ಲಾಂದ್ರೆ ಫೆಚ್ ಸ್ಟೇಟಸ್ ಸೊನ್ನೇಲೇ ಇರುತ್ತೆ, ರೋ ಸಿಕ್ತು ಅಂತಲೇ ಲೂಪ್ ತಿರುಗ್ತಾ ಇರುತ್ತೆ" ಅಂತ ಸರ್ ನಕ್ರು. ನಿಲ್ಸಿ ಮತ್ತೆ ರನ್ ಮಾಡಿದ್ರೆ ಆ ಹೆಸರಿನ ಕರ್ಸರ್ ಆಗ್ಲೇ ಐತೆ ಅಂತ ಎರರ್. ಡಿಕ್ಲೇರ್ ಮಾಡುವಾಗ್ಲೇ ಲೋಕಲ್ ಅಂತ ಹಾಕಿದ್ರೆ ಈ ಕಾಟ ಇರಲ್ಲ, ಒಂದ್ಸಲ ರನ್ ಮಾಡಿದ ಕೋಡ್ ಮುಗಿದ್ಮೇಲೆ ಕರ್ಸರ್ ತಾನೇ ಹೋಗುತ್ತೆ. (ಬ್ರೇಕಲ್ಲಿ ಮಂಡಕ್ಕಿ ಮಿರ್ಚಿ ತರಿಸ್ತಾರೆ, ಅದಕ್ಕೆ ಬೇರೆ ಮಾರ್ಕ್ಸ್.)

ತಕರಾರು ಇರೋದು ಇಲ್ಲಿ. ಕಲ್ತ ಖುಷೀಲಿ ಅಂಗಡಿಗೆ ಬಂದು ಪಾರ್ಟಿವಾರು ಬಾಕಿ, ಅಂದ್ರೆ ಒಂದೊಂದು ಬಿಲ್ ಆದ್ಮೇಲೂ ಎಷ್ಟು ಉಳೀತು ಅನ್ನೋದನ್ನ ಕರ್ಸರಲ್ಲೇ ಬರ್ದೆ, ಒಂದ್ಮುಕ್ಕಾಲು ಲಕ್ಷ ರೋ, ಇಪ್ಪತ್ತು ನಿಮಿಷ ಗಿರ್ ಅಂತ ತಿರುಗ್ತಾ ಕೂತ್ಕಂತು, ಸಾಹುಕಾರ್ರು ಮೂರು ಸಲ ಬಂದು ಇಣುಕಿ ಹೋದ್ರು. ಆಮೇಲೆ ಬೆಂಗಳೂರಲ್ಲಿರೋ ನಮ್ಮ ಭಾವಂಗೆ ಫೋನ್ ಹಾಕಿದ್ರೆ "ಲಾರಿ ಜೋಳಾನ ಒಂದೊಂದೇ ಚೀಲ ಇಳಿಸಿ ತೂಕ ಹಾಕ್ತೀಯೇನೋ, ಲಾರೀನೇ ವೇ ಬ್ರಿಡ್ಜ್ ಮೇಲೆ ಹತ್ಸು" ಅಂದು ಸಮ್ ಓವರ್ ಹಾಕಿ ಒಂದೇ ಕ್ವೆರಿ ಕಳ್ಸಿದ್ರು, ಪಾರ್ಟಿಷನ್ ಬೈ ಪಾರ್ಟಿ, ಆರ್ಡರ್ ಬೈ ತಾರೀಖು, ಅಂದ್ರೆ ಒಂದೊಂದು ಪಾರ್ಟೀನೂ ಬೇರೆ ಮಾಡಿ ತಾರೀಖಿನ ಸಾಲಲ್ಲಿ ಕೂಡ್ತಾ ಹೋಗು ಅಂತ. ಎರಡ್ಮೂರು ಸೆಕೆಂಡಿಗೆ ಬಂತು. ಒಂದೇ ದಿನ ಎರಡು ಬಿಲ್ ಇದ್ದಲ್ಲಿ ಎರಡಕ್ಕೂ ಒಂದೇ ಬಾಕಿ ತೋರಿಸ್ತು, ಬಿಲ್ ನಂಬರನ್ನೂ ಆರ್ಡರಿಗೆ ಸೇರಿಸ್ದೆ, ಸರಿಹೋಯ್ತು. ಸರ್ವರ್ 2012ರಿಂದಲೇ ಹಿಂಗೆ ಆರ್ಡರ್ ಹಾಕಿ ಕೂಡೋ ಸೌಲಭ್ಯ ಐತಂತೆ!

ಕರ್ಸರ್ ದಂಡ ಅಂತಲ್ಲ, ಒಂದೊಂದು ರೋಗೂ ಒಂದೊಂದು ಪ್ರೊಸೀಜರ್ (ಡೇಟಾಬೇಸಲ್ಲಿ ಮೊದಲೇ ಬರ್ದಿಟ್ಟ ಕೋಡ್) ಕರೀಬೇಕು ಅಂದ್ರೆ, ಇಲ್ಲಾ ಎಲ್ಲಾ ಡೇಟಾಬೇಸೂ ಸಾಲಾಗಿ ಬ್ಯಾಕಪ್ ತಗೋಬೇಕು ಅಂದ್ರೆ ಅದು ಕೆಲಸಕ್ಕೆ ಬರುತ್ತೆ.

ಕೊನೇ ಭಾನುವಾರ ಸರ್‌ಗೇ ಕೇಳಿದೆ, ಇದ್ಯಾಕ್ ಸರ್ ಹೇಳ್ಕೊಡ್ಲಿಲ್ಲ ಅಂತ. ವಿಂಡೋ ಫಂಕ್ಷನ್, ಅಂದ್ರೆ ಈ ಸಮ್ ಓವರ್ ತರದ್ದು, ಅಡ್ವಾನ್ಸ್ಡ್ ಬ್ಯಾಚಲ್ಲಿ ಬರುತ್ತಪ್ಪ, ಅದರ ಫೀಸ್ ಬೇರೆ ಅಂದ್ರು.