ಜಾನಪದ ಲೋಕ: ಹೋಗೋದಾದರೆ ಅಜ್ಜೀನ ಕರ್ಕೊಂಡು ಹೋಗಿ

ಬೆಂಗಳೂರಿಂದ ಮೈಸೂರಿಗೆ ಹೋಗುವಾಗ, ಬರುವಾಗ ರಾಮನಗರದ ಹತ್ತಿರ ಇರೋ ಈ ಜಾನಪದ ಮ್ಯೂಸಿಯಂನ ಗೇಟಿನ ಮುಂದೆ ಎಷ್ಟು ಸಲ ಹಾದು ಹೋಗಿದ್ದೇನೋ ಲೆಕ್ಕವಿಲ್ಲ. ಪಕ್ಕದ ಲೋಕರುಚಿ ಹೋಟೆಲಿನಲ್ಲಿ ತಿಂಡಿ ತಿಂದು, ಕಾಫಿ ಕುಡಿದು ಹೊರಟುಬಿಡುತ್ತಿದ್ದೆವು. ಒಳಗೆ ಹೋಗಿದ್ದು ಒಂದೇ ಸಲ, ಸ್ಕೂಲ್ ಟ್ರಿಪ್ಪಿನಲ್ಲಿ. ಅದರಲ್ಲೂ ನೆನಪಿರೋದು ಬಸ್ಸಿನ ಕಿಟಕಿ ಸೀಟಿಗೆ ಆದ ಜಗಳ ಮಾತ್ರ. ಈಗ 2023ರಿಂದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬಿಟ್ಟು ಹೊರಗಿಂದ ಹೋಗುತ್ತೆ, ಹಾಗಾಗಿ ದಾರೀಲಿ ಸಿಕ್ಕಿತು ಅಂತ ಯಾರೂ ಇಲ್ಲಿ ನಿಲ್ಲಿಸಲ್ಲ, ಬೇಕು ಅಂತಲೇ ಹಳೇ ರೋಡಿಗೆ ಇಳಿಯಬೇಕು. ಇಳಿಯಿರಿ.

ಈ ಸಲ ಅಜ್ಜಿ ಜೊತೆಗಿದ್ದರು. ಮಂಡ್ಯ ಕಡೆಯವರು, ಎಂಬತ್ತು ದಾಟಿದೆ. "ಹಳೇ ಸಾಮಾನು ನೋಡಕ್ಕೆ ದುಡ್ಡು ಕೊಟ್ಟು ಹೋಗ್ಬೇಕಾ?" ಅಂತ ಗೇಟಿನಲ್ಲೇ ಶುರು ಮಾಡಿದರು.

ಜಾಗದ ಬಗ್ಗೆ ಒಂದೆರಡು ಮಾತು. ಇದನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿ ಆಗಿದ್ದವರು. 1979ರಲ್ಲಿ ಜಾನಪದ ಪರಿಷತ್ತು ಶುರು ಮಾಡಿ, 1994ರಲ್ಲಿ ಇದನ್ನು ಕಟ್ಟಿ ನಿಲ್ಲಿಸಿದರು. ಹದಿನೈದು ಎಕರೆ ಜಾಗ, ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಕಟ್ಟಡ. ಲೋಕಮಹಲ್‌ನಲ್ಲಿ ತೊಗಲುಗೊಂಬೆ, ಸೂತ್ರದ ಗೊಂಬೆ, ಮುಖವಾಡ, ಯಕ್ಷಗಾನದ ವೇಷ ಎಲ್ಲ ಇವೆ. ಫೋಟೋ ತೆಗೆಯೋರಿಗೆ ಅದೇ ಇಷ್ಟ ಆಗುತ್ತೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಬಯಲಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳಿವೆ, ಬಿಸಿಲಿತ್ತು, ನಾವು ಬೇಗ ದಾಟಿದೆವು.

ನಾನು ಹೇಳಬೇಕಾಗಿರೋದು ಲೋಕಮಾತಾ ಮಂದಿರದ ಬಗ್ಗೆ. ಅಡುಗೆಮನೆ, ಹಜಾರ, ಅಟ್ಟ, ಇಲ್ಲೆಲ್ಲ ಇರುತ್ತಿದ್ದ ಸಾಮಾನುಗಳ ಜಾಗ ಅದು. ನಾನೊಬ್ಬನೇ ಹೋಗಿದ್ದರೆ ಐದು ನಿಮಿಷದಲ್ಲಿ ಆಚೆ ಬಂದಿರುತ್ತಿದ್ದೆ. ಅಜ್ಜಿ ಬೀಸೋ ಕಲ್ಲಿನ ಮುಂದೆ ನಿಂತವರು ಅಲ್ಲಾಡಲಿಲ್ಲ. ಕಲ್ಲು ಬೀಸಿ ಬೀಸಿ ನುಣ್ಣಗಾದರೆ ಹಿಟ್ಟು ಬೀಳಲ್ಲವಂತೆ, ಆಗ ಉಳಿ ಹೊಡೆಯೋನನ್ನು ಕರೆಸಬೇಕಂತೆ, ಅವನು ಹೊಡೆದು ಹೋದ ಮೇಲೆ ಮೊದಲ ಹಿಟ್ಟನ್ನು ತಿನ್ನಬಾರದಂತೆ, ಕಲ್ಲಿನ ಪುಡಿ ಇರುತ್ತಲ್ಲ, ಅದು ದನಕ್ಕೆ. ಬೆಳಗಿನ ಜಾವ ಎದ್ದು ಇಬ್ಬರು ಓರಗಿತ್ತಿಯರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರಂತೆ, ಹಿಂದಿನ ದಿನ ಜಗಳ ಆಡಿದ್ದರೂ. ಪದ ಹೇಳ್ತಿದ್ರಾ ಅಂದೆ. "ಹೇಳ್ದೆ ಇದ್ರೆ ನಿದ್ದೆ ಬರ್ತಿತ್ತು ಕಣ್ಲಾ" ಅಂದರು.

ವಾಡೆ ಅಂದರೆ ಏನು ಅಂತ ಗೊತ್ತಾ? ನನಗೆ ಗೊತ್ತಿರಲಿಲ್ಲ. ರಾಗಿ, ಭತ್ತ ತುಂಬಿಡೋ ಆಳೆತ್ತರದ ಮಣ್ಣಿನ ಪಾತ್ರೆ. ಕೆಳಗೆ ಒಂದು ತೂತು ಬಿಟ್ಟು ಅದಕ್ಕೆ ಬಟ್ಟೆ ತುರುಕಿರುತ್ತಾರೆ. ಮೇಲಿಂದ ಹೊಸ ಕಾಳು ಸುರಿಯೋದು, ಕೆಳಗಿಂದ ಹಳೇದನ್ನು ತೆಗೆಯೋದು. ಬೋರ್ಡಿನಲ್ಲಿ ಹೆಸರು ಓದಿಕೊಂಡು ನಾನು ಮುಂದೆ ಹೋಗಿದ್ದೆ, ಅಜ್ಜಿ ತೋಳು ಹಿಡಿದು ವಾಪಸ್ ಎಳೆದು ಬಗ್ಗಿಸಿ ತೂತು ತೋರಿಸಿದರು. ಯಾವ ಮ್ಯೂಸಿಯಂ ಆದರೂ ಅಷ್ಟೇ ಅಲ್ವಾ, ವಸ್ತುವನ್ನು ಉಳಿಸಬಹುದು, ಅದನ್ನು ಬಳಸಿದ ಕೈಯನ್ನು ಎಲ್ಲಿಂದ ತರೋದು?

ಆಯಗಾರ ಮಾಳದಲ್ಲೂ ಹೀಗೇ ಆಯ್ತು. ಕಮ್ಮಾರ, ಬಡಗಿ, ಕುಂಬಾರ, ಇಂಥವರ ಕಸುಬಿನ ಸಾಮಾನುಗಳು. ಇವರಿಗೆಲ್ಲ ದುಡ್ಡಲ್ಲ, ಸುಗ್ಗಿಯಲ್ಲಿ ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದರು, ಅದೇ ಆಯ. ತಮ್ಮ ಅಪ್ಪ ಕೊಳಗದಲ್ಲಿ ಅಳೆಯುವಾಗ ಎಣಿಕೆ ತಪ್ಪದಿರಲಿ ಅಂತ ಯಾರನ್ನೂ ಮಾತಾಡಿಸುತ್ತಿರಲಿಲ್ಲ ಅಂತ ಅಜ್ಜಿ ನೆನೆಸಿಕೊಂಡರು.

ಹಿಂದೆ ಬೇರೆ ಊರಿನ ಒಂದು ಮ್ಯೂಸಿಯಂಗೆ ಇದೇ ಅಜ್ಜೀನ ಕರ್ಕೊಂಡು ಹೋಗಿದ್ದೆ. ಅರ್ಧ ಲೈಟು ಆಫ್, ಗಾಜಿನ ಮೇಲೆ ಧೂಳು, ಅಜ್ಜಿ ಒಂದು ಒರಳಿನ ಹತ್ತಿರ ಬಗ್ಗಿದ್ದಕ್ಕೆ ಕಾವಲಿನವನು ಅಲ್ಲಿಂದಲೇ ಕೂಗಿಬಿಟ್ಟ. ಮೂವತ್ತು ವರ್ಷ ಒರಳಲ್ಲಿ ರುಬ್ಬಿದವರಿಗೆ! ಆ ಬೇಜಾರು ಇಲ್ಲಿಗೆ ಬಂದ ಮೇಲೆ ಹೋಯ್ತು.

ಸುಮ್ನೆ ಅರ್ಧ ಗಂಟೆ ಇಟ್ಕೊಂಡು ಹೋಗಬೇಡಿ, ಎರಡು ಮೂರು ಗಂಟೆ ಬೇಕು. ನಡೆಯೋದು ಜಾಸ್ತಿ, ವಯಸ್ಸಾದವರಿದ್ದರೆ ಬೆಳಗ್ಗೆ ಬೇಗ ಹೋಗಿ, ನೀರು ಇಟ್ಕೊಳ್ಳಿ. ಚಿಕ್ಕ ಮಕ್ಕಳಿಗೆ ಗೊಂಬೆಗಳು ಇಷ್ಟ ಆಗುತ್ತವೆ, ಪಾತ್ರೆ ಪಡಗ ಅಷ್ಟಕ್ಕಷ್ಟೇ. ಹೇಗೂ ಚನ್ನಪಟ್ಟಣ ಪಕ್ಕದಲ್ಲೇ ಇದೆ, ಒಂದು ಬಣ್ಣದ ಬುಗುರಿ ಕೊಡಿಸಿದರೆ ಸರಿಹೋಗುತ್ತೆ. ನನ್ನ ಕಡೆಯಿಂದ 5ಕ್ಕೆ 5.

ಕಾರಿನಲ್ಲಿ ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ವಾಡೆ ಮನೆ ಕೆಡವಿದಾಗ ಒಡೆದುಹೋಯ್ತು, ಬೀಸೋ ಕಲ್ಲು ಬಚ್ಚಲ ಹತ್ತಿರ ಹೂತುಹೋಗಿದೆ, ಹಿತ್ತಾಳೆ ಎಲ್ಲ ತೂಕಕ್ಕೆ ಹಾಕಿ ಮಿಕ್ಸಿ ತಗೊಂಡಾಯ್ತು, ಕೊಳಗ ಮಾತ್ರ ಚಿಕ್ಕಮ್ಮನ ಮನೇಲಿ ಇರಬೇಕು. ಮದ್ದೂರು ಬರೋದರೊಳಗೆ ಫೋನ್ ಮಾಡಿಸಿ ಕೇಳಿಯೂ ಬಿಟ್ಟರು. ಇದೆಯಂತೆ. ಅದರಲ್ಲಿ ಮನಿ ಪ್ಲಾಂಟ್ ಹಾಕಿದ್ದಾರಂತೆ.