ಕಾಲಮ್ ಲೆಕ್ಕಕ್ಕೆ ಯಾವ ವಿಧಾನ? ನಾಲ್ಕನ್ನೂ ಓಡಿಸಿ ನೋಡಿದೆ

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಕ್ರೊಮ್ಯಾಟೋಗ್ರಫಿ, ಅಂದರೆ ಪುಡಿ ತುಂಬಿದ ಕೊಳವೆಯ (ಕಾಲಮ್) ಮೂಲಕ ದ್ರಾವಕ ಹರಿಸಿ ಔಷಧವನ್ನು ಕಲ್ಮಶದಿಂದ ಬೇರ್ಪಡಿಸೋದು. ಕಾಲಮ್‌ನಿಂದ ಔಷಧ ಯಾವಾಗ ಇಳಿಯುತ್ತದೆ, ಕಲ್ಮಶ ಎಲ್ಲಿ ಸೇರಿಕೊಳ್ಳುತ್ತದೆ ಎಂದು ಮೊದಲೇ ಕಂಪ್ಯೂಟರಿನಲ್ಲಿ ನೋಡಿಕೊಂಡರೆ ದ್ರಾವಕ ತುಂಬಾ ಉಳಿಯುತ್ತದೆ. ಅದಕ್ಕೇ ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದೇ ಲೆಕ್ಕವನ್ನು ನಾಲ್ಕು ವಿಧದಲ್ಲಿ ಮಾಡಿದೆ. 25 ಸೆಂ.ಮೀ. ಕಾಲಮ್, 5000 ಪ್ಲೇಟ್ (ಬೇರ್ಪಡಿಸುವ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ಹರಡುವಿಕೆ ಕಡಿಮೆ), ಎರಡು ವಸ್ತು, ಲ್ಯಾಂಗ್ಮೂರ್ ಐಸೋಥರ್ಮ್ (ಪುಡಿಗೆ ಎಷ್ಟು ವಸ್ತು ಅಂಟುತ್ತದೆ ಎಂಬ ಸೂತ್ರ), ಜಾಸ್ತಿ ಲೋಡ್ (ಒಮ್ಮೆಗೆ ಹಾಕುವ ವಸ್ತು). ಕಾಲಮನ್ನು ಉದ್ದಕ್ಕೆ ಹೋಳು ಮಾಡಿ, ಸಮಯದ ಲೆಕ್ಕ ಪೈಥಾನ್‌ನ ಸೈಪೈ ಎಂಬ ಲೆಕ್ಕದ ಲೈಬ್ರರಿಗೆ ಬಿಟ್ಟೆ.

ಮೊದಲು ಅಪ್‌ವಿಂಡ್, ಅಂದರೆ ಹರಿವು ಬರುವ ಕಡೆಯ ಹೋಳನ್ನು ಮಾತ್ರ ನೋಡಿ ಲೆಕ್ಕ ಹಾಕುವ ವಿಧಾನ. ಬರೆಯೋದು ಸುಲಭ, ಒಮ್ಮೆಯೂ ಕೈಕೊಡಲಿಲ್ಲ. ಆದರೆ 200 ಹೋಳಿನಲ್ಲಿ ಪೀಕ್ (ವಸ್ತು ಹೊರಬರುವಾಗ ಗ್ರಾಫಿನಲ್ಲಿ ಏಳುವ ಗುಡ್ಡ) ಅಗಲವಾಗಿ ಹರಡಿತು. ಅಳೆದ ಪೀಕ್‌ಗೆ ಹೊಂದಿಸಲು ಎರಡು ದಿನ ಐಸೋಥರ್ಮ್ ಅಂಕಿಗಳನ್ನೇ ತಿದ್ದುತ್ತಾ ಕೂತೆ. ತಪ್ಪು ಅಲ್ಲಿರಲೇ ಇಲ್ಲ. ಅಪ್‌ವಿಂಡ್‌ನಲ್ಲಿ ಪ್ರತಿ ಹೋಳೂ ಚೆನ್ನಾಗಿ ಕಲಕಿದ ಒಂದು ತೊಟ್ಟಿಯಿದ್ದಂತೆ. 200 ಹೋಳು ಅಂದರೆ ಹೆಚ್ಚುಕಮ್ಮಿ 200 ಪ್ಲೇಟಿನ ಕಾಲಮ್, ಅಷ್ಟೇ. 5000 ಹೋಳು ಮಾಡಿದರೂ ಲೆಕ್ಕದ ಸುಳ್ಳು ಹರಡುವಿಕೆ ನಿಜದ್ದಕ್ಕೆ ಸಮ ಆಗುತ್ತದೆ. ಆಗ ನಿಜದ್ದನ್ನು ಸಮೀಕರಣದಿಂದ ತೆಗೆದುಬಿಟ್ಟರೆ ಉತ್ತರ ಸರಿ ಬರುತ್ತದೆ, ಇದು ಒಳ್ಳೇ ಉಪಾಯ. ಆದರೆ 10,000 ಸಮೀಕರಣಗಳನ್ನು ನೂರು ಸಲ ಬಿಡಿಸೋದು ನನ್ನ ಯಂತ್ರಕ್ಕೆ ಆಗದ ಮಾತು.

ಎರಡೂ ಪಕ್ಕದ ಹೋಳುಗಳನ್ನು ನೋಡುವ ಸೆಂಟ್ರಲ್ ಡಿಫರೆನ್ಸ್ ಬೇಡವೇ ಬೇಡ. ಈ ಕಾಲಮ್‌ಗೆ ಅದೂ 5000 ಹೋಳು ಕೇಳುತ್ತದೆ. ಕಡಿಮೆ ಮಾಡಿದರೆ ಪೀಕ್‌ನ ಮುಂದೆ ಹಿಂದೆ ಅಲೆಗಳು.

ಆಯ್ದ ಬಿಂದುಗಳಲ್ಲಿ ಸಮೀಕರಣಕ್ಕೆ ಹೊಂದುವಂತೆ ಬಹುಪದಿ ಕೂರಿಸುವ ಕೊಲೊಕೇಶನ್ ಮೇಲೆ ನನಗೆ ಆಸೆಯಿತ್ತು. ಲೋಡ್ ಕಡಿಮೆ ಇದ್ದಾಗ, ಪೀಕ್ ನುಣುಪಾಗಿದ್ದಾಗ, ಸ್ವಲ್ಪವೇ ಬಿಂದುಗಳಲ್ಲಿ ಚೆಂದದ ಉತ್ತರ. ಲೋಡ್ ಏರಿಸಿದ ಕೂಡಲೇ ಪೀಕ್‌ನ ಮುಂಭಾಗ ಗೋಡೆಯಂತೆ ಕಡಿದಾಗುತ್ತದೆ ಅಲ್ವಾ, ಅಲ್ಲಿ ತಡವರಿಸಿತು. ಔಷಧದ ಪ್ರಮಾಣ ಸೊನ್ನೆಗಿಂತ ಕೆಳಗೆ ಹೋಯಿತು. ಹಾಗಾದರೆ ಶುದ್ಧತೆಯ ಲೆಕ್ಕವನ್ನು ನಂಬೋದು ಹೇಗೆ?

ಕೊನೆಗೆ ಫ್ಲಕ್ಸ್ ಲಿಮಿಟರ್ (ಹೋಳಿನಿಂದ ಹೋಳಿಗೆ ಹರಿಯುವ ಪ್ರಮಾಣದ ಲೆಕ್ಕಕ್ಕೆ ಮಿತಿ ಹಾಕುವ ವಿಧಾನ), ವ್ಯಾನ್ ಲೀರ್ ಎಂಬ ವಿಜ್ಞಾನಿಯದ್ದು. ಇಳಿಜಾರು ನುಣುಪಾಗಿದ್ದಲ್ಲಿ ಎರಡನೇ ದರ್ಜೆಯ ನಿಖರತೆ (ಹೋಳಿನ ಅಗಲ ಅರ್ಧ ಮಾಡಿದರೆ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ), ಕಡಿದಾದಲ್ಲಿ ತಾನೇ ಅಪ್‌ವಿಂಡ್ ಕಡೆ ವಾಲುತ್ತದೆ. ಸರಳ ರೇಖೀಯ ವಿಧಾನಕ್ಕೆ ಈ ನಿಖರತೆ, ಅಲೆ ಏಳದಿರುವುದು ಎರಡೂ ಒಟ್ಟಿಗೆ ಸಿಗೋದಿಲ್ಲ ಎಂದು ಗಣಿತಜ್ಞ ಗೊಡುನೊವ್ 1959ರಲ್ಲೇ ತೋರಿಸಿದ್ದರು. 400 ಹೋಳಿನಲ್ಲಿ ಮುಂಭಾಗ ಚೂಪಾಗಿ ನಿಂತಿತು, ಅಲೆ ಇಲ್ಲ. ಈ ವಿಧಾನ ಬಳಸುವ, ಅಕ್ಕಪಕ್ಕದ ಇಳಿಜಾರುಗಳ ಅನುಪಾತದಲ್ಲಿ ಸೊನ್ನೆಯಿಂದ ಭಾಗಿಸದಂತೆ ಛೇದಕ್ಕೆ ಒಂದು ಚಿಕ್ಕ ಸಂಖ್ಯೆ ಸೇರಿಸಿ, ಮರೆಯಬೇಡಿ.

ಈಗ ಕಾಲಮ್ ಕಟ್ ಸಮಯ (ಔಷಧವನ್ನು ಹಿಡಿಯಲು ಶುರು ಮಾಡುವ, ನಿಲ್ಲಿಸುವ ಹೊತ್ತು) ನಿರ್ಧರಿಸಲು ನಾನು ಇದನ್ನೇ ಬಳಸುತ್ತೇನೆ. ಹೋಳು 400ರಿಂದ 800ಕ್ಕೆ ಏರಿಸಿ, ಎರಡು ಪೀಕ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ ಮೇಲೆಯೇ ಪಂಪ್ ಶುರು.