ವಿರಾಜಪೇಟೆಯಿಂದ ದೆಹಲಿಗೆ: ಕಣ್ಣೂರೋ, ಬೆಂಗಳೂರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಣ್ಣೂರಿಗೆ. ಮಗಳು ದೆಹಲಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಎರಡೂ ಕಡೆಯಿಂದ ಹಾರಿ ನೋಡಿದ್ದಾಯಿತು. ಕಳೆದ ಸಲ ಬೆಂಗಳೂರಿನ ಮೇಲೆ ಹೋಗಿಬಂದ ನಂತರವಂತೂ ಮನೆಯಲ್ಲಿ ಈ ಚರ್ಚೆಯೇ ನಿಂತಿದೆ.

ಆಕಾಶದ ಲೆಕ್ಕ ಹಿಡಿದರೆ ಗೆಲ್ಲುವುದು ಬೆಂಗಳೂರೇ. ದೇವನಹಳ್ಳಿಯಿಂದ ದೆಹಲಿಗೆ ಸುಮಾರು 1,700 ಕಿ.ಮೀ., ಎರಡೂಮುಕ್ಕಾಲು ಗಂಟೆ. ಕಣ್ಣೂರು ಇನ್ನೂ ದಕ್ಷಿಣಕ್ಕಿರುವುದರಿಂದ ಸುಮಾರು 1,850 ಕಿ.ಮೀ., ಮೂರು ಗಂಟೆ ದಾಟುತ್ತದೆ. ಆದರೆ ಈ 150 ಕಿ.ಮೀ. ವಿಮಾನಕ್ಕೆ ಹನ್ನೆರಡು-ಹದಿನೈದು ನಿಮಿಷದ ಕೆಲಸ. ಅಷ್ಟನ್ನು ಉಳಿಸಲು ನಾವು ರಸ್ತೆಯಲ್ಲಿ ಎಷ್ಟು ತೆರುತ್ತೇವೆ ಎನ್ನುವುದನ್ನು ಟಿಕೆಟ್ ಹೇಳುವುದಿಲ್ಲ. ವಿರಾಜಪೇಟೆಯಿಂದ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ 60 ಕಿ.ಮೀ. ಆಸುಪಾಸು. ದೇವನಹಳ್ಳಿ 280.

ದೂರ ಹೋಗಲಿ ಬಿಡಿ. ನನಗೆ ತಲೆಕೆಟ್ಟಿದ್ದು ಕೊನೆಯ ತುಂಡಿನಲ್ಲಿ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಶುರುವಾದ ಮೇಲೆ ಮೈಸೂರಿನಿಂದ ಒಂದೂವರೆ ಗಂಟೆಯಲ್ಲಿ ಬೆಂಗಳೂರಿನ ಅಂಚಿನ ಕುಂಬಳಗೋಡು ಮುಟ್ಟಬಹುದು. ಮುಟ್ಟಿ? ನೈಸ್ ರಸ್ತೆ, ತುಮಕೂರು ರಸ್ತೆ, ಗೊರಗುಂಟೆಪಾಳ್ಯ, ಹೆಬ್ಬಾಳ ಎಂದು ಊರನ್ನು ಅರ್ಧ ಸುತ್ತಬೇಕು.

ನಿಧಾನವಾದರೆ ತಾಳಿಕೊಳ್ಳಬಹುದಿತ್ತು. ಎಷ್ಟು ಹೊತ್ತು ಎಂದು ಮೊದಲೇ ಗೊತ್ತಾಗದಿರುವುದೇ ಸಂಕಟ. ಒಂದು ದಿನ ಸಲೀಸು, ಇನ್ನೊಂದು ದಿನ ಗೊರಗುಂಟೆಪಾಳ್ಯದಲ್ಲೇ ಅರ್ಧ ಗಂಟೆ. ಹಾಗಾಗಿ ಕೆಟ್ಟ ದಿನದ ಲೆಕ್ಕ ಹಾಕಿಯೇ ಹೊರಡಬೇಕು. ಬೆಳಿಗ್ಗೆ ಒಂಬತ್ತರ ವಿಮಾನಕ್ಕೆ ನಡುರಾತ್ರಿಯೇ ಮನೆ ಬಿಡುವುದು, ದಾರಿ ಖಾಲಿ ಸಿಕ್ಕರೆ ನಿದ್ದೆಗಣ್ಣಿನಲ್ಲಿ ಟರ್ಮಿನಲ್ಲಿನ ಕುರ್ಚಿಯಲ್ಲಿ ತೂಕಡಿಸುವುದು. ಡ್ರೈವರ್‌ಗೂ ನಿದ್ದೆ ಬೇಕಲ್ಲ! ಅವನು ಆಕಳಿಸಿದಾಗಲೆಲ್ಲ ನನ್ನವಳು ಮುಂದಿನ ಸೀಟು ತಟ್ಟುತ್ತಾಳೆ.

ಕಣ್ಣೂರಿನ ದಾರಿಯೂ ಬೆಣ್ಣೆಯಂತಿಲ್ಲ. ಪೆರುಂಬಾಡಿ ದಾಟಿದರೆ ಮಾಕುಟ್ಟದ ಕಾಡು, ತಿರುವು, ಫೋನಿಗೆ ಸಿಗ್ನಲ್ ಇಲ್ಲ. 2018ರ ಮಳೆಗೆ ಇದೇ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಮಳೆಗಾಲದಲ್ಲಿ ಹಿಂದಿನ ದಿನವೇ ಆ ಕಡೆ ಓಡಾಡುವ ಡ್ರೈವರೊಬ್ಬರಿಗೆ ಫೋನ್ ಮಾಡಿ ವಿಚಾರಿಸುತ್ತೇನೆ. ಕೇರಳ ಗಡಿಯ ಕೂಟುಹೊಳೆ ದಾಟಿ ಇರಿಟ್ಟಿ ಸಿಕ್ಕಿತೆಂದರೆ ಮುಂದೆ ಚಿಂತೆಯಿಲ್ಲ. ಬಾಡಿಗೆ ಕಾರಾದರೆ ಕೇರಳದ ಪರ್ಮಿಟ್ ಖರ್ಚು ಯಾರದೆಂದು ಮೊದಲೇ ಮಾತಾಡಿಕೊಳ್ಳಿ.

2018ರ ಡಿಸೆಂಬರ್‌ನಲ್ಲಿ ಶುರುವಾದ ಈ ನಿಲ್ದಾಣದಲ್ಲಿ ವಿಮಾನಗಳು ಕಮ್ಮಿ. ತಪ್ಪಿದರೆ ಇನ್ನೊಂದು ಹತ್ತುವುದು ಬೆಂಗಳೂರಿನಷ್ಟು ಸುಲಭವಲ್ಲ. ಟಿಕೆಟ್ಟೂ ನಾನು ನೋಡಿದಾಗಲೆಲ್ಲ ತುಸು ದುಬಾರಿ, ಆದರೆ ಬೆಂಗಳೂರಿನ ಬಾಡಿಗೆ, ಟೋಲು ಸೇರಿಸಿದರೆ ಆ ಉಳಿತಾಯ ನಿಲ್ಲುವುದಿಲ್ಲ.

ಮಂಗಳೂರು? ಮಡಿಕೇರಿಗೆ ಹೋಗಿ ಸಂಪಾಜೆ ಘಾಟಿ ಇಳಿಯಬೇಕು, ನಮಗೆ ಸುತ್ತು. ಮೈಸೂರಿನ ಮಂಡಕಳ್ಳಿ ರನ್‌ವೇ ಚಿಕ್ಕದು, ದೆಹಲಿಗೆ ಹಾರುವಂಥ ದೊಡ್ಡ ವಿಮಾನಕ್ಕೆ ಸಾಲದು.

ಮನೆಯಿಂದ ದೆಹಲಿಗೆ ಇಳಿಯುವವರೆಗೆ ಕಣ್ಣೂರಿನ ಮೇಲೆ ಏಳು ಗಂಟೆ, ಬೆಂಗಳೂರಿನ ಮೇಲೆ ಹನ್ನೊಂದಕ್ಕೆ ಕಮ್ಮಿಯಿಲ್ಲ. ರಾತ್ರಿ ಒಂಬತ್ತಕ್ಕೆ ಮಲಗುವ, ಕಾಫಿ ಕೊಯ್ಲಿನ ಹೊತ್ತಿಗೆ ಒಂದು ದಿನವೂ ಹೆಚ್ಚು ತೋಟ ಬಿಡಲಾಗದ ನನ್ನಂಥವನಿಗೆ ಈ ನಾಲ್ಕು ಗಂಟೆ ದೊಡ್ಡದು. ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದು ಹೋಗುವವರಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಕೊಡಗಿನ ಉತ್ತರ ತುದಿಯ ಶನಿವಾರಸಂತೆ ಕಡೆಯವರಂತೂ ಹಾಸನದ ಮೇಲೆ ದೇವನಹಳ್ಳಿಗೇ ಹೋಗಲಿ, ಮಾಕುಟ್ಟದ ತನಕ ಬರುವಷ್ಟರಲ್ಲಿ ಅವರಿಗೆ ಅರ್ಧ ದಿನ ಕಳೆದಿರುತ್ತದೆ.